ನೇರಳೆಹಣ್ಣಿನ ಸತ್ಕಾರ

ಸುಳ್ಳಾಡಿದರೆ ನಾಲಿಗೆ ನೀಲಿಯಾಗುವ ಕಾಲ ಬಂದು ವರ್ಷಗಳಾಗಿದ್ದವು. ನಳಯೋಜನೆಯ ಮೌಲ್ಯಮಾಪನಕ್ಕೆ ಸಮಾಜ ಕಾರ್ಯಕರ್ತೆ ವನಜಾಕ್ಷಿ ನಾಲಿಗೆ ನೋಡಲು ಟಾರ್ಚ್ ಹಿಡಿದು ಬರುವಷ್ಟರಲ್ಲಿ, ಯೋಜನಾಧಿಕಾರಿ ಕಲಕೇರಿ ಇಡೀ ಓಣಿಗೆ ನೇರಳೆಹಣ್ಣು ತಿನ್ನಿಸಿ, ತಾನೂ ತಿಂದು ಮುಗಿಸಿದ್ದ. ಆ ಬುದ್ಧಿಯಲ್ಲಿ ಅರ್ಧವನ್ನು ಕೊಳವೆಗೆ ಹಾಕಿದ್ದರೆ ನೀರಾದರೂ ಬರುತ್ತಿತ್ತು.

“ನಳಕ್ಕ ಒಂದ್ ಹನಿ ನೀರಿಲ್ರೀ,” ಎಂದು ಓಣಿಯ ದುರ್ಗವ್ವ ನಾಲಿಗೆ ಚಾಚಿದಳು. ಕಡುನೀಲಿ.

“ಹಸೀ ಸುಳ್ಳು! ‘ಯೋಜನೆ ಯಶಸ್ವಿ’ ಅಂತ ಬರದು ಕಡತ ಮುಚ್ರಿ ಮೇಡಂ,” ಎಂದು ಕಲಕೇರಿ ಹಲ್ಲು ಕಿರಿದ.

ಇಪ್ಪತ್ತು ವರ್ಷ ಇಂಥ ಹಲ್ಲುಗಳನ್ನೇ ನೋಡಿದ್ದ ವನಜಾಕ್ಷಿ ಪೆನ್ನು ತೆರೆದಳು. “ಆಗಲಿ. ದುರ್ಗವ್ವಾ, ನಳದಾಗ ಬಾಯಿ ಮುಕ್ಕಳಿಸಿ ಬಾ, ಇನ್ನೊಮ್ಮೆ ನೋಡ್ತೀನಿ.”

ದುರ್ಗವ್ವ ನಳ ತಿರುಗಿಸಿದಳು. ಅದು ಉಸ್ಸೆಂದಿತು, ಅಷ್ಟೇ.

“ಬಾಟ್ಲಿ ನೀರು ತರಸ್ಲೇನ್ರಿ?” ಎಂದ ಕಲಕೇರಿ, ಅಭ್ಯಾಸಬಲದಿಂದ.

ವನಜಾಕ್ಷಿ ಆ ಮಾತನ್ನೇ ವರದಿಯಲ್ಲಿ ಬರೆದುಕೊಂಡಳು.