ಟೀಕಿಯ ಅಳತೆ

೨೦೦೧ರಲ್ಲಿ, ಏಳನೆಯ ತರಗತಿಗೇ ನಾನು ಓದು ಬಿಟ್ಟೆ. ಮಾಧಾಪುರದಲ್ಲಿ ಏಳುತ್ತಿದ್ದ ಕಂಪ್ಯೂಟರ್ ಕಂಪನಿಗಳ ಕಟ್ಟಡಗಳಿಗೆ ಅಪ್ಪನ ಜೊತೆ ಟೈಲ್ಸ್ ಕೂರಿಸಲು ಹೋದೆ. ಅಂದಿನಿಂದ ಯಾರ ಮುಂದೆಯೂ ಕೈ ಚಾಚಲಿಲ್ಲ. ಈಗಲೂ ಜೇನುಮೇಣದ ವಾಸನೆ ಬಂದರೆ ಆ ವರ್ಷದ ಒಂದು ಮಧ್ಯಾಹ್ನ ಎದುರಿಗೆ ನಿಲ್ಲುತ್ತದೆ.

ಅವ್ವನ ಕೊರಳಲ್ಲಿ ಥೈರಾಯ್ಡ್ ಗಂಟು ಬೆಳೆದಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಆಪರೇಷನ್ ಮಾಡಿ ತೆಗೆಯಬೇಕು, ಆದರೆ ದನಿ ಹೋದರೂ ಹೋಗಬಹುದು ಎಂದು ಡಾಕ್ಟರು ಹೇಳಿದ್ದರು. ಅವ್ವ ಮದುವೆಮನೆಗಳಲ್ಲಿ ಸೋಬಾನೆ ಹಾಡುವವಳು. ತಿಂಗಳುಗಟ್ಟಲೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಅಂದು ಅವ್ವ, ಅಜ್ಜಿ, ನಾನು ಬೇಗಂ ಬಜಾರಿನಲ್ಲಿ ಒಡವೆ ಪೋಣಿಸುವ ಪಟವೇಗಾರನ ಮುಂದೆ ಕುಳಿತಿದ್ದೆವು. ಕೊರಳಿಗೆ ಬಿಗಿಯಾಗಿ ಕೂರುವ ಅವ್ವನ ಬಂಗಾರದ ಟೀಕಿಗೆ ಹೊಸ ದಾರ ಹಾಕಿಸಬೇಕಿತ್ತು. ಅವನು ರೇಷ್ಮೆ ದಾರಕ್ಕೆ ಮೇಣ ತಿಕ್ಕುತ್ತ ಕೇಳಿದ: "ಈ ಸಲಾನೂ ಉದ್ದ ಬಿಡಲೇನ್ರಿ ಅಕ್ಕಾರ?"

"ಬಿಡಪಾ ಬಿಡು. ಹಿಂಗ ಬಿಟ್ಕೋತ ಹೋದ್ರ ನಾಳೆ ನಡಕ್ಕ ಕಟ್ಟೂ ಡಾಬು ಆಕ್ಕೈತಿ," ಎಂದಳು ಅಜ್ಜಿ.

ಅವ್ವ ನಗಲಿಲ್ಲ. ದಾರ ಇಸಿದುಕೊಂಡು ನನ್ನ ಕೊರಳಿಗೆ ಸುತ್ತಿದಳು. ಮೇಣ ಚರ್ಮಕ್ಕೆ ಅಂಟಿತು. ಅವಳ ಬೆರಳು ತಣ್ಣಗಿತ್ತು.

"ಇವನ ಕೊರಳಿನ ಅಳತಿಗೆ ಪೋಣಸ್ರಿ. ಮದವ್ಯಾಗ ನಂದೂ ಇಷ್ಟ ಇತ್ತು."

ಅಜ್ಜಿ ಅವ್ವನ ಕೊರಳಿನ ಗಂಟನ್ನು ಮುಟ್ಟಿ ನೋಡಿದಳು. ಆಮೇಲೆ, "ದನಿ ಹೋದ್ರ?" ಎಂದಳು.

"ಉಸಿರು ಉಳದ್ರ ಸಾಕ್ರಿ ಅತ್ತಿ. ಇವನ್ನ ಉಣ್ಣಾಕ ಕರಿಯಾಕ ಚಪ್ಪಾಳಿ ತಟ್ಟತೀನಿ."

ಈಗ ನನಗೆ ಎರಡು ಟೆಂಪೊ, ಒಂದು ಸ್ವಂತ ಮನೆ, ಇಬ್ಬರು ಮಕ್ಕಳು; ಜೊತೆಗೆ, ದಿನಾ ಬೆಳಿಗ್ಗೆ ಥೈರಾಯ್ಡಿನ ಒಂದು ಮಾತ್ರೆ ನುಂಗಿ, ಮಧ್ಯಾಹ್ನ ಚಪ್ಪಾಳೆ ತಟ್ಟಿ ನನ್ನನ್ನು ಊಟಕ್ಕೆ ಕರೆಯುವ ಅವ್ವ.