ಹೂವಿನಜ್ಜಿಯ ನಾಲ್ಕು ನಿಮಿಷ

ಆಂಬುಲೆನ್ಸಿನವರು ವರ್ಷಕ್ಕೊಮ್ಮೆ, ತಮ್ಮ ಕೈಯಲ್ಲಿ ತೀರಿಕೊಂಡ ಒಬ್ಬರ ಕೊನೆಯ ನಾಲ್ಕು ನಿಮಿಷವನ್ನು ಅವರ ಮೈಯೊಳಗೇ ಇದ್ದು ಅನುಭವಿಸಬೇಕು. ತಮ್ಮ ತಪ್ಪು ಹಿಡಿದರೆ ಪಾಸು, ಇಲ್ಲದಿದ್ದರೆ ಕೆಲಸವಿಲ್ಲ.

"ಈ ಸಲ ಯಾರ್ದಮ್ಮ?" ತರಬೇತುದಾರ ಮಠಪತಿ ಕೇಳಿದರು.

"ಹೂ ಮಾರ್ತಿದ್ದ ಹೂವಿನಜ್ಜೀದು ಸರ್," ಎಂದು ಆಂಬುಲೆನ್ಸಿನ ನರ್ಸ್ ಜಬೀನಾ ತಲೆಗೆ ಅನುಭವದ ಪಟ್ಟಿ ಕಟ್ಟಿಕೊಂಡು ಮಲಗಿದಳು.

ಅಜ್ಜಿಯ ಮೈಯೊಳಗೆ ಎದೆ ಹಿಂಡಿತು. ಕಣ್ಣು ಕತ್ತಲಾಯಿತು, ಕಿವಿ ಮಾತ್ರ ಉಳಿಯಿತು. "ಮುಗೀತಣ್ಣ, ಸೈರನ್ ಆಫ್ ಮಾಡು," ಎಂದು ಜಬೀನಾಳದೇ ದನಿ ಡ್ರೈವರಿಗೆ ಹೇಳುತ್ತಿತ್ತು. ಇಲ್ಲ, ಇನ್ನೂ ಇದ್ದೀನಿ ಅನ್ನಲು ಅಜ್ಜಿ ಇದ್ದಬದ್ದ ಶಕ್ತಿಯೆಲ್ಲ ಸೇರಿಸಿ ಬೆರಳೆತ್ತಿದಳು.

"ಏನ್ ರೋಡಪ್ಪ ಇದು, ಹೆಣದ ಕೈನೂ ಕುಣಿಸ್ತದೆ," ಎಂದಿತು ಅದೇ ದನಿ.

ಪಟ್ಟಿ ಬಿಚ್ಚುತ್ತಾ ಮಠಪತಿ ಕೇಳಿದರು, "ತಪ್ಪೇನು?"

ಜಬೀನಾ ತನ್ನ ಬೆರಳನ್ನೇ ನೋಡುತ್ತಿದ್ದಳು. "ರೋಡು ಚೆನ್ನಾಗೇ ಇತ್ತು ಸರ್."

ಅವರು ಪಾಸಿನ ಮುದ್ರೆ ಒತ್ತಿದರು.