ಬಾಣ ತೋರಿಸಿದ ಕಡೆ ಊಟ

ಆ ಊರಿನ ಅಂಗಡಿಗಳು ಬೆಳಗಾಗುವಷ್ಟರಲ್ಲಿ ಜಾಗ ಬದಲಿಸುತ್ತಿದ್ದವು. ಬೇರೆ ಅಂಗಡಿಗಳ ಬೋರ್ಡಿನ ಮೇಲೆ ನಿಮ್ಮ ಅಂಗಡಿಯತ್ತ ತೋರಿಸುವ ಬಾಣದ ಗುರುತು ಹೆಚ್ಚಿದಷ್ಟೂ ನೀವು ಊರ ನಡುವಿನ ಸರ್ಕಲ್ಲಿಗೆ ಹತ್ತಿರ. ದ್ಯಾಮವ್ವನ ಖಾನಾವಳಿ ಇವತ್ತು ಸ್ಮಶಾನದ ಗೋಡೆಗೆ ಒರಗಿಕೊಂಡಿತ್ತು. ಇನ್ನೂ ಹಿಂದೆ ಸರಿದರೆ ಊರಾಚೆ. ಅಲ್ಲಿಗೆ ಹೋದ ಅಂಗಡಿ ಮತ್ತೆ ಯಾರ ಕಣ್ಣಿಗೂ ಬಿದ್ದದ್ದಿಲ್ಲ.

ಮಧ್ಯಾಹ್ನ ಬಾಣದ ದಲ್ಲಾಳಿ ಗುರುಸಿದ್ದ ಬೆವರೊರೆಸಿಕೊಳ್ಳುತ್ತ ಬಂದ.

"ಅಕ್ಕಾರ, ಮಲ್ಲೇಶಿ ಖಾನಾವಳಿ ಸರ್ಕಲ್‌ನ್ಯಾಗ ಕುಂತೈತಿ. ಎಲ್ಲಾ ನನ್ನ ಬಾಣಾನ. ರೊಕ್ಕ ಕೊಟ್ರ ನಿಮಗೂ ಹಾಕಸ್ತೀನಿ. ಟೈರಿನಂಗಡಿ, ಹಲ್ಲಿನ ಡಾಕ್ಟರು, ಮುಚ್ಚಿದ ಟಾಕೀಸು, ಎಲ್ಲಾ ನಿಮ್ಮ ಕಡೆ ತೋರಸ್ತಾವು."

"ಟೈರಿನಾಂವ ನನ್ನ ರೊಟ್ಟಿ ತಿಂದಾನೇನು?"

"ತಿನ್ನೂದ್ಯಾಕ್ರಿ? ತೋರಿಸಿದ್ರ ಸಾಕು."

"ಮಲ್ಲೇಶಿ ಪಲ್ಯಾ ಹಳಸಿದ್ರೂ ತೋರಸ್ತಾವೇನು?"

"ಬೋರ್ಡಿಗೆ ಮೂಗು ಎಲ್ಲೈತ್ರಿ?"

ದ್ಯಾಮವ್ವನ ಮೈಯೆಲ್ಲ ಉರಿಯಿತು. ಆದರೂ ಬಾಗಿಲಿಗೆ ಬಂದವನನ್ನು ಉಣ್ಣಿಸದೆ ಕಳಿಸುವ ರೂಢಿ ಅವಳ ಖಾನಾವಳಿಯಲ್ಲಿರಲಿಲ್ಲ. ತಟ್ಟೆ ಇಟ್ಟಳು. ಗುರುಸಿದ್ದ ಎಣ್ಣೆಗಾಯಿಯ ಮೇಲೆ ಮುಗಿಬಿದ್ದ.

"ಸರ್ಕಲ್‌ನ್ಯಾಗ ಮಲ್ಲೇಶಿ ಇರೂವಾಗ ಉಣ್ಣಾಕ ಇಷ್ಟು ದೂರ ಬಂದ್ಯಲ್ಲೋ?"

"ಅಲ್ಲಿ ಉಂಡ್ರ ಹೊಟ್ಟಿ ಕೆಡತೈತ್ರಿ," ಎಂದ, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು.

"ಹಂಗಾದ್ರ ನಿನ್ನ ಅಂಗಡಿ ಬೋರ್ಡಿನ ಮ್ಯಾಲೆ ನನ್ನ ಕಡೆ ಒಂದು ಬಾಣ ಬರಿ. ಉಂಡಾಂವ ನೀನ ಅದೀಯಲ್ಲ."

ಗುರುಸಿದ್ದನ ಕೈ ತುತ್ತಿನ ಸಮೇತ ಅಲ್ಲೇ ನಿಂತಿತು. "ನನ್ನ ಬೋರ್ಡಿನ ಮ್ಯಾಲ್ರೀ? ಖರೇ ಬಾಣ ಹಾಕಿದ್ರ ಉಳಿದಾವು ಎಲ್ಲಾ ಸುಳ್ಳು ಅಂತ ಮಂದಿಗೆ ತಿಳಿಯೂದಿಲ್ಲೇನ್ರಿ?"

ದ್ಯಾಮವ್ವ ಅವನ ಮುಂದಿನ ತಟ್ಟೆ ಎತ್ತಿಕೊಂಡಳು.

"ಏಳು. ಉಳಿದ ಊಟಕ್ಕ ನಿನ್ನ ಬಾಣ ಎಲ್ಲಿ ತೋರಸ್ತಾವೋ ಅಲ್ಲೇ ಹೋಗು."